ಲುವಾಂಗ್ವಾ ದಂಡೆಯ ಸಫಾರಿ ಲಾಡ್ಜುಗಳು ಮತ್ತು ಅಂಕೆಗೆ ಸಿಗದ ನದಿ

ಸಭಿಕರಿಗೆ ನಮಸ್ಕಾರ. ಆಫ್ರಿಕಾದ ನದೀತೀರದ ಐಷಾರಾಮಿ ಸಫಾರಿ ಲಾಡ್ಜುಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಒಂದು ಷರತ್ತು ಹಾಕಿದ್ದೆ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡವನ್ನು ಒಂದು ಸಂಜೆಯಲ್ಲಿ ಹೇಳಿ ಮುಗಿಸುವುದು ನನ್ನಿಂದಾಗದ ಕೆಲಸ. ಹಾಗೆ ಹೇಳಲು ಹೊರಟರೆ ಸಿಂಹ, ಸೂರ್ಯಾಸ್ತ ಮತ್ತು ಬಿಳಿಯ ಹಾಸಿಗೆ ಇಷ್ಟೇ ಉಳಿಯುತ್ತದೆ. ಆದ್ದರಿಂದ ಒಂದು ದೇಶ, ಒಂದು ನದಿ, ಆ ನದಿಯ ಒಂದು ತುಂಡು ದಂಡೆ ಇಷ್ಟಕ್ಕೇ ಮಾತನ್ನು ಸೀಮಿತಗೊಳಿಸಿಕೊಳ್ಳುತ್ತೇನೆ. ದೇಶ ಜಾಂಬಿಯಾ, ನದಿ ಲುವಾಂಗ್ವಾ, ದಂಡೆ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನದ್ದು. ಅಲ್ಲಿನ ಲಾಡ್ಜೊಂದರಲ್ಲಿ ನಾನು ಅಕ್ಟೋಬರ್ ತಿಂಗಳ ಬಿಸಿಲಿನಲ್ಲಿ ತಂಗಿದ್ದೆ. ಆದರೆ ನನ್ನ ಪ್ರವಾಸದ ಕಥೆಗಿಂತ, ಅಂಥ ಲಾಡ್ಜು ಯಾವುದರ ಮೇಲೆ ನಿಂತಿದೆ ಎಂಬುದು ನನಗೆ ಹೆಚ್ಚು ಮುಖ್ಯ.

ಲುವಾಂಗ್ವಾ ಹುಟ್ಟುವುದು ಜಾಂಬಿಯಾದ ಈಶಾನ್ಯ ಮೂಲೆಯ ಮಾಫಿಂಗಾ ಬೆಟ್ಟಗಳಲ್ಲಿ. ಅಲ್ಲಿಂದ ನೈಋತ್ಯಕ್ಕೆ ಇಳಿದು, ಜಾಂಬಿಯಾ, ಜಿಂಬಾಬ್ವೆ ಮತ್ತು ಮೊಜಾಂಬಿಕ್ ಮೂರೂ ದೇಶಗಳು ಕೂಡುವ ಜಾಗದಲ್ಲಿ ಅದು ಜಾಂಬೆಜಿಯನ್ನು ಸೇರುತ್ತದೆ. ಪಶ್ಚಿಮಕ್ಕೆ ಮುಚಿಂಗಾ ಬೆಟ್ಟಸಾಲಿನ ಗೋಡೆ, ಪೂರ್ವಕ್ಕೆ ಮಲಾವಿಯ ಕಡೆಗೆ ಏರುವ ಪ್ರಸ್ಥಭೂಮಿ, ನಡುವಿನ ತಗ್ಗಿನಲ್ಲಿ ನದಿ. ಉದ್ಯಾನದ ವಿಸ್ತೀರ್ಣ 9,050 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದಂಥವು ಹದಿನಾಲ್ಕು ಅದರಲ್ಲಿ ಹಿಡಿಯುತ್ತವೆ. 1938ರಲ್ಲಿ ವನ್ಯಪ್ರಾಣಿಗಳ ಮೀಸಲು ಪ್ರದೇಶವಾಗಿ ಗುರುತಿಸಲ್ಪಟ್ಟ ಈ ನೆಲ 1972ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈ ವಿವರಗಳೆಲ್ಲಕ್ಕಿಂತ ದೊಡ್ಡದೊಂದು ಸಂಗತಿಯಿದೆ: ಈ ನದಿಯ ಮುಖ್ಯ ಹರಿವಿಗೆ ಅಡ್ಡಲಾಗಿ ಯಾವ ದೊಡ್ಡ ಅಣೆಕಟ್ಟೂ ಇಲ್ಲ. ಲಾಡ್ಜಿನ ಹಾಸಿಗೆ, ಊಟ, ಬಾಡಿಗೆ, ಕೆಲಸಗಾರರ ಸಂಬಳ, ಎಲ್ಲವೂ ಕೊನೆಗೆ ಈ ಒಂದು ಸಂಗತಿಗೆ ಬಂದು ಸೇರುತ್ತವೆ.

ಕಟ್ಟಿಲ್ಲದ ನದಿ ಎಂದರೆ ವರ್ಷದಲ್ಲಿ ಎರಡು ರೂಪದ ನದಿ. ನವೆಂಬರಿನಿಂದ ಏಪ್ರಿಲಿನವರೆಗೆ ಮಳೆ. ಆಗ ನದಿ ದಂಡೆ ಮೀರಿ ಕಾಡಿಗೆ ನುಗ್ಗುತ್ತದೆ, ಒಳದಾರಿಗಳು ಕೆಸರಾಗಿ ವಾಹನ ಓಡುವುದಿಲ್ಲ. ಮೇ ತಿಂಗಳಿಂದ ನೀರು ಇಳಿಯತೊಡಗಿ, ಅಕ್ಟೋಬರಿನ ಹೊತ್ತಿಗೆ ಆನೆಗಳು ಮೊಣಕಾಲುದ್ದದ ನೀರಿನಲ್ಲಿ ನಡೆದು ಆಚೆ ದಡ ಸೇರುತ್ತವೆ. ಪ್ರತಿ ಮಳೆಗಾಲದಲ್ಲೂ ನದಿ ತನ್ನ ಹೊರ ತಿರುವಿನ ಮಣ್ಣನ್ನು ಕೊರೆದು ಒಳ ತಿರುವಿನಲ್ಲಿ ಮರಳು ಸುರಿಯುತ್ತದೆ. ತಿರುವು ಬಳುಕಿ ಬಳುಕಿ ಕೊನೆಗೆ ತನ್ನನ್ನೇ ಕತ್ತರಿಸಿಕೊಂಡಾಗ ಲಾಳದ ಆಕಾರದ ಕೊಳವೊಂದು ಹಿಂದೆ ಉಳಿಯುತ್ತದೆ. ಅಲ್ಲಿನವರು ಅದನ್ನು ಲಗೂನ್ ಎನ್ನುತ್ತಾರೆ. ನಮ್ಮ ಕೆರೆಗಳಲ್ಲಿ ಕಾಣುವ ಅಂತರಗಂಗೆಯೇ ಆ ಕೊಳಗಳ ಮೇಲೂ ಹಸಿರು ಹಾಸಿರುತ್ತದೆ. ಆ ಹಾಸಿನ ನಡುವಿನಿಂದ ನೀರುಕುದುರೆಯೊಂದು ತಲೆಯ ಮೇಲೆ ನಾಲ್ಕು ಗಿಡ ಹೊತ್ತುಕೊಂಡೇ ಮೇಲೆದ್ದು ಅತ್ತಿತ್ತ ನೋಡುವುದು ಅಲ್ಲಿ ದಿನನಿತ್ಯದ ನೋಟ.

ಇಂಥ ದಂಡೆಯ ಮೇಲೆ ಕಟ್ಟಡ ಕಟ್ಟುವವನ ಕಷ್ಟವನ್ನು ಯೋಚಿಸಿ. ಅತಿಥಿಗೆ ನದಿಯ ಅಂಚಿನಲ್ಲೇ ಕೋಣೆ ಬೇಕು, ಏಕೆಂದರೆ ಬೇಸಗೆಯಲ್ಲಿ ಪ್ರಾಣಿಗಳೆಲ್ಲ ನೀರಿಗೆ ಬರುತ್ತವೆ; ಆದರೆ ಅಂಚು ಎಂಬುದೇ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತಿರುತ್ತದೆ. ಈ ಕಣಿವೆಯಲ್ಲಿ ನದಿಗೆ ಬಲಿಯಾದ, ಹಿಂದಕ್ಕೆ ಎಳೆದು ಮತ್ತೆ ಕಟ್ಟಿದ ಕಟ್ಟಡಗಳ ಮಾತು ಬಂದರೆ ಹಳಬರು ಲೆಕ್ಕ ಬಿಟ್ಟು ನಗುತ್ತಾರೆ. ಇದಕ್ಕೆ ಅವರು ಕಂಡುಕೊಂಡ ದಾರಿ ಎರಡು. ಒಂದು, ಎತ್ತರದ ದಂಡೆಯಲ್ಲಿ, ಬೇರಿನಿಂದ ಮಣ್ಣನ್ನು ಹಿಡಿದಿರುವ ಎಬೊನಿ ಮತ್ತು ಹುಣಸೆ ಮರಗಳ ತೋಪಿನಲ್ಲಿ, ವರ್ಷದ ಬಹುಭಾಗ ತೆರೆದಿರುವ ಲಾಡ್ಜು ಕಟ್ಟುವುದು. ಹುಣಸೆಯನ್ನು ನಾವು ನಮ್ಮದೇ ಮರ ಎಂದುಕೊಂಡಿದ್ದೇವೆ. ಅದರ ತವರು ಆಫ್ರಿಕಾ. ಇನ್ನೊಂದು, ಉದ್ಯಾನದ ಒಳಭಾಗದಲ್ಲಿ ಬುಷ್‌ಕ್ಯಾಂಪ್ ಹಾಕುವುದು. ಮಳೆ ನಿಂತ ಮೇಲೆ ಮೇ ತಿಂಗಳ ಸುಮಾರಿಗೆ ಜೊಂಡು, ಬಿದಿರು, ಹುಲ್ಲು, ಮರದ ಕಂಬಗಳಿಂದ ಕೋಣೆಗಳನ್ನು ಎಬ್ಬಿಸಿ, ನವೆಂಬರಿನಲ್ಲಿ ಮೊದಲ ದೊಡ್ಡ ಮಳೆಗೆ ಮುಂಚೆ ಬಿಚ್ಚಿಬಿಡುತ್ತಾರೆ. ನೆಲದ ಮೇಲೆ ಸಿಮೆಂಟು ಉಳಿಯುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಆ ಹೊತ್ತಿಗೆ ಊರಿಗೆ ಹಿಂತಿರುಗಿ ಮೆಕ್ಕೆಜೋಳ ಬಿತ್ತುತ್ತಾರೆ. ಲಾಡ್ಜಿನ ಋತುವೂ ಹೊಲದ ಋತುವೂ ಒಂದರ ಬೆನ್ನಿಗೆ ಒಂದು ಬರುವುದರಿಂದ ಕೆಲವು ಕುಟುಂಬಗಳಿಗೆ ಎರಡೂ ಸಾಧ್ಯವಾಗಿದೆ.

ದಂಡೆ ಕುಸಿಯುವುದು ಲಾಡ್ಜಿನ ಮಾಲೀಕನಿಗೆ ನಷ್ಟ, ಸರಿ. ಅದೇ ಕುಸಿತದಿಂದ ಬದುಕುವ ಒಂದು ಹಕ್ಕಿಯನ್ನು ಅಕ್ಟೋಬರಿನಲ್ಲಿ ಹತ್ತಿರದಿಂದ ನೋಡಿದೆ. ದಕ್ಷಿಣ ಆಫ್ರಿಕಾ ಭಾಗದ ಕಾರ್ಮೈನ್ ಬೀ ಈಟರ್ ನಮ್ಮ ಕಳ್ಳಿಪೀರದ ಬಂಧು. ಮೈ ಕಡುಗೆಂಪು, ನೆತ್ತಿ ನೀಲಿಹಸಿರು. ಆಗಸ್ಟ್ ಕೊನೆಯಿಂದ ಇವು ದಂಡುದಂಡಾಗಿ ಲುವಾಂಗ್ವಾಕ್ಕೆ ಬಂದು, ನದಿ ಆಗತಾನೆ ಕೊರೆದು ನೆಟ್ಟಗೆ ನಿಲ್ಲಿಸಿದ ಮಣ್ಣಿನ ಗೋಡೆಯಲ್ಲಿ ತೋಳುದ್ದಕ್ಕಿಂತ ಆಳದ ಬಿಲ ತೋಡಿ ಮೊಟ್ಟೆಯಿಡುತ್ತವೆ. ಗೋಡೆ ಹಳೆಯದಾಗಿ ಇಳಿಜಾರಾದರೆ ಹಾವು, ಉಡಗಳಿಗೆ ದಾರಿಯಾಗುತ್ತದೆ. ಆದ್ದರಿಂದ ನದಿ ಪ್ರತಿ ವರ್ಷ ಹೊಸ ಗೋಡೆ ಕೊರೆದು ಕೊಡುವುದು ಅವುಗಳಿಗೆ ಅನುಕೂಲ. ದೋಣಿಯಲ್ಲಿ ಗೋಡೆಯ ಕೆಳಗೆ ನಿಂತು ನೋಡಿದರೆ, ಒಂದು ಹಕ್ಕಿ ಬಿಲದ ಬಾಯಿಯಲ್ಲಿ ಮಣ್ಣು ಹಿಂದಕ್ಕೆ ಒದೆಯುತ್ತಿರುತ್ತದೆ, ಪಕ್ಕದ ಬಿಲದ ಹಕ್ಕಿ ಅದರೊಂದಿಗೆ ಜಗಳ ತೆಗೆದಿರುತ್ತದೆ, ಮೇಲೆ ಗಿಡುಗವೊಂದು ಸುಳಿದರೆ ಇಡೀ ಗೋಡೆಯೇ ಕಿತ್ತು ಹಾರಿದಂತೆ ನೂರಾರು ಹಕ್ಕಿಗಳು ಒಟ್ಟಿಗೆ ಮೇಲೇಳುತ್ತವೆ. ಸಾವಿರಾರು ಡಾಲರ್ ತೆತ್ತು ಬಂದವರು ನೋಡಲು ಬಯಸುವ ಈ ದೃಶ್ಯ, ಅವರ ಕೋಣೆಯನ್ನೇ ಒಂದು ದಿನ ಕೆಡವಬಹುದಾದ ನೀರಿನ ಕೆಲಸ.

ಇನ್ನು ವಾಸ್ತವ್ಯದ ಮಾತು. ಇಂಥ ಲಾಡ್ಜಿನಲ್ಲಿ ಕೋಣೆ ಎಂದರೆ ಸಾಮಾನ್ಯವಾಗಿ ಹುಲ್ಲಿನ ಮಾಡು, ಎತ್ತರಿಸಿದ ಮರದ ಜಗಲಿ, ನದಿಯ ಕಡೆಗೆ ಗೋಡೆಯೇ ಇಲ್ಲದ ಅಥವಾ ಬರೀ ಜಾಲರಿಯಿರುವ ಬದಿ, ಸೊಳ್ಳೆಪರದೆಯೊಳಗಿನ ದೊಡ್ಡ ಮಂಚ, ಆಕಾಶದ ಕೆಳಗೆ ಸ್ನಾನ. ಬೆಳಗಿನ ಐದಕ್ಕೆ ಎಬ್ಬಿಸುತ್ತಾರೆ. ನದಿ ಬದಿಯ ಬೆಂಕಿಯಲ್ಲಿ ಸುಟ್ಟ ಬ್ರೆಡ್ಡು, ಗಂಜಿ, ಕಾಫಿ ಮುಗಿಸಿ ಆರಕ್ಕೆ ಹೊರಟರೆ ಬಿಸಿಲೇರುವ ಹೊತ್ತಿಗೆ ವಾಪಸು. ಮಧ್ಯಾಹ್ನ ಯಾವ ಪ್ರಾಣಿಯೂ ಅಲುಗಾಡುವುದಿಲ್ಲ, ಮನುಷ್ಯನೂ ಅಲುಗಾಡುವುದಿಲ್ಲ. ಸಂಜೆ ನಾಲ್ಕಕ್ಕೆ ಮತ್ತೆ ಹೊರಟು, ನದಿಯ ದಡದಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ಕತ್ತಲಾದ ಮೇಲೆ ದೀಪ ಹಿಡಿದು ಚಿರತೆ ಹುಡುಕುವುದು. ರಾತ್ರಿ ಸಫಾರಿಗೆ ಇಲ್ಲಿ ಅನುಮತಿಯಿದೆ. ಲುವಾಂಗ್ವಾ ಚಿರತೆಗಳಿಗೆ ಹೆಸರುವಾಸಿಯಾದ ಕಣಿವೆ. ಬೆಂಗಳೂರಿನ ಉದ್ಯಾನಗಳಲ್ಲಿ ನಾವು ಮರಸೌತೆ ಎಂದು ಕರೆಯುವ ಮರ ಅಲ್ಲಿನ ದಂಡೆಯ ಸಹಜ ಮರ. ಬೇಸಗೆಯಲ್ಲಿ ಅದರ ಕೆಂಪು ಹೂಗಳು ಉದುರಿದಾಗ ಪೂಕು ಮತ್ತು ಇಂಪಾಲ ಎಂಬ ಜಿಂಕೆಯಂಥ ಪ್ರಾಣಿಗಳು ಅವನ್ನು ತಿನ್ನಲು ಬರುತ್ತವೆ, ಅದೇ ಮರದ ಕೊಂಬೆಯ ಮೇಲೆ ಚಿರತೆ ಕಾದು ಮಲಗಿರುತ್ತದೆ.

ಲಾಡ್ಜಿಗೆ ಬೇಲಿಯಿಲ್ಲ. ಆದ್ದರಿಂದ ಕತ್ತಲಾದ ಮೇಲೆ ಊಟದ ಮನೆಯಿಂದ ಕೋಣೆಗೆ ಯಾರೂ ಒಂಟಿಯಾಗಿ ನಡೆಯುವಂತಿಲ್ಲ. ಟಾರ್ಚ್ ಹಿಡಿದ ಕಾವಲುಗಾರ ಜೊತೆಗೆ ಬರುತ್ತಾನೆ. ಹಗಲಿಡೀ ನೀರಿನಲ್ಲಿ ಬಿದ್ದುಕೊಂಡಿರುವ ನೀರುಕುದುರೆಗಳು ರಾತ್ರಿ ಹುಲ್ಲು ಮೇಯಲು ದಂಡೆ ಹತ್ತುತ್ತವೆ. ಜಗಲಿಯ ಕೆಳಗೆ ಹುಲ್ಲು ಕಿತ್ತು ಅಗಿಯುವ ಸದ್ದು ಕೇಳುತ್ತಾ ಮಲಗುವುದು ಮೊದಲ ರಾತ್ರಿ ಭಯ, ಎರಡನೆಯ ರಾತ್ರಿಯಿಂದ ಅಭ್ಯಾಸ. ಉದ್ಯಾನದ ಬಾಗಿಲಿನ ಊರಾದ ಮ್ಫುವೆಯ ಒಂದು ಪ್ರಸಿದ್ಧ ಲಾಡ್ಜಿನಲ್ಲಂತೂ ವರ್ಷದ ಕೊನೆಯ ತಿಂಗಳುಗಳಲ್ಲಿ ಆನೆಗಳ ಕುಟುಂಬವೊಂದು ಸ್ವಾಗತ ಕೊಠಡಿಯ ಮೆಟ್ಟಿಲು ಹತ್ತಿ, ಮೇಜುಗಳ ಪಕ್ಕದಿಂದ ಹಾದು, ಹಿಂಭಾಗದ ಕಾಡುಮಾವಿನ ಮರಕ್ಕೆ ಹೋಗುತ್ತದೆ. ಹೆಸರು ಮಾವಾದರೂ ನಮ್ಮ ಮಾವಿಗೂ ಆ ಮರಕ್ಕೂ ನೆಂಟಸ್ತಿಕೆಯಿಲ್ಲ. ಆನೆಗಳ ದಾರಿಗೆ ಅಡ್ಡವಾಗಿ ಕಟ್ಟಡ ಬಂದಿತು, ಆನೆಗಳು ದಾರಿ ಬಿಡಲಿಲ್ಲ. ಆಡಳಿತದವರು ಅತಿಥಿಗಳನ್ನು ದೂರ ನಿಲ್ಲಿಸಿ ಸುಮ್ಮನಾದರು. ಇದೊಂದು ವಿವೇಕದ ತೀರ್ಮಾನ ಎಂದೇ ನನ್ನ ಅನಿಸಿಕೆ.

ಎಲ್ಲವನ್ನೂ ಹೊಗಳುವ ಮನಸ್ಸು ನನಗಿಲ್ಲ. ಎದುರಿಗೆ ನದಿ ಒಣಗಿ ಸಾವಿರ ಪ್ರಾಣಿಗಳು ನೀರಿಗೆ ಮುಗಿಬಿದ್ದಿರುವ ತಿಂಗಳಲ್ಲಿ ಪ್ರತಿ ಕೋಣೆಗೂ ಒಂದೊಂದು ಪುಟ್ಟ ಈಜುಕೊಳ ಇಟ್ಟುಕೊಳ್ಳುವುದು ನನಗೆ ಹಿಡಿಸಲಿಲ್ಲ. ಮೆನುವಿನಲ್ಲಿ ಯೂರೋಪಿನ ತಿಂಡಿಗಳೇ ತುಂಬಿದ್ದವು. ಅಲ್ಲಿನ ಜನರ ನಿತ್ಯದ ಊಟ ನ್ಶಿಮಾ. ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತೊಳಸಿ ಮಾಡುವ ಬಿಳಿಯ ಮುದ್ದೆ ಎಂದರೆ ನಮ್ಮ ಹಳೇ ಮೈಸೂರಿನವರಿಗೆ ಬೇರೆ ವಿವರಣೆ ಬೇಡ. ಕೈಯಲ್ಲೇ ಮುರಿದು, ಸೊಪ್ಪಿನ ಅಥವಾ ಮೀನಿನ ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಅದನ್ನು ಕೇಳಿ ಹಾಕಿಸಿಕೊಂಡಾಗ ಅಡುಗೆಮನೆಯವರ ಮುಖದಲ್ಲಿ ಕಂಡ ಸಂತೋಷಕ್ಕೆ ಕಾರಣ ನನ್ನ ನಾಲಿಗೆಯಲ್ಲ, ಅವರ ಊಟವನ್ನು ಒಬ್ಬರು ಊಟವೆಂದು ಎಣಿಸಿದ್ದು. ಬಟ್ಟೆ ಒಗೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಅತಿಥಿಗಳ ಬಟ್ಟೆಯನ್ನು ದಿನವೂ ಒಗೆದು, ಇದ್ದಿಲಿನ ಇಸ್ತ್ರಿ ಹಾಕಿ ಕೊಡುತ್ತಾರೆ. ಒಳ ಉಡುಪು ಮಾತ್ರ ನೀವೇ ಒಗೆದುಕೊಳ್ಳಬೇಕು, ಪರರ ಒಳ ಉಡುಪು ಮುಟ್ಟುವುದು ಅಲ್ಲಿನ ರೂಢಿಗೆ ಸಲ್ಲದು. ಕೋಣೆಯಲ್ಲಿ ಅದಕ್ಕೆಂದೇ ಸೋಪಿನ ಪುಡಿ ಇಟ್ಟಿರುತ್ತಾರೆ. ಎಷ್ಟೇ ಹಣ ತೆತ್ತರೂ ಈ ಗೆರೆ ದಾಟುವಂತಿಲ್ಲ ಎಂಬುದು ನನಗೆ ಮೆಚ್ಚುಗೆಯಾಯಿತು.

ಈಗ ಈ ಏರ್ಪಾಟಿನ ಮೂಲಕ್ಕೆ ಹೋಗೋಣ. ಬ್ರಿಟಿಷರ ಕಾಲದಲ್ಲಿ ಈ ದೇಶದ ಹೆಸರು ಉತ್ತರ ರೊಡೇಸಿಯ. ಬೆಳೆ ತಿನ್ನುವ ಆನೆಗಳನ್ನು ಕೊಲ್ಲುವ ಕೆಲಸದಿಂದ ಸರ್ಕಾರಿ ಸೇವೆ ಆರಂಭಿಸಿದ ನಾರ್ಮನ್ ಕಾರ್ ಎಂಬ ಅಧಿಕಾರಿ 1950ರ ಸುಮಾರಿಗೆ ಕುಂಡಾ ಜನರ ಮುಖ್ಯಸ್ಥ ನ್ಸೆಫು ಅವರ ಮುಂದೆ ಒಂದು ಪ್ರಸ್ತಾಪ ಇಟ್ಟರು: ನಿಮ್ಮ ನೆಲದಲ್ಲಿ ಒಂದು ಭಾಗವನ್ನು ಪ್ರಾಣಿಗಳಿಗೆ ಬಿಡಿ, ಅವನ್ನು ನೋಡಲು ಜನ ಬರುತ್ತಾರೆ, ಬರುವ ಹಣ ನಿಮ್ಮ ಜನರಿಗೆ ಸಲ್ಲುತ್ತದೆ. ಬಿಳಿಯರು ಹೆಚ್ಚಾಗಿ ಬೇಟೆಗೆಂದೇ ಕಾಡಿಗೆ ಬರುತ್ತಿದ್ದ ಕಾಲದಲ್ಲಿ, ಬರೀ ನೋಡಲು ಯಾರಾದರೂ ಹಣ ಕೊಟ್ಟಾರೇ ಎಂದು ಮುಖ್ಯಸ್ಥರಿಗೆ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ. ಅವರು ಒಪ್ಪಿದರು, ನದಿಯ ದಂಡೆಯಲ್ಲಿ ಗುಂಡು ಗುಡಿಸಲುಗಳ ಶಿಬಿರ ಎದ್ದಿತು. ಇಂದಿಗೂ ಉದ್ಯಾನದ ಪೂರ್ವ ದಂಡೆಯ ಭಾಗಕ್ಕೆ ನ್ಸೆಫು ಎಂದೇ ಹೆಸರು. ಕಾರ್ ಅವರ ಹೆಸರು ಪ್ರವಾಸಿ ಕೈಪಿಡಿಗಳಲ್ಲೆಲ್ಲ ಇದೆ. ನೆಲ ಬಿಟ್ಟುಕೊಟ್ಟ ಮುಖ್ಯಸ್ಥರಿಗೂ ಅಷ್ಟೇ ಪಾಲು ಸಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಕಾಲ್ನಡಿಗೆಯ ಸಫಾರಿಯನ್ನು ರೂಢಿಗೆ ತಂದದ್ದೂ ಕಾರ್ ಅವರೇ. ಆರೇಳು ಅತಿಥಿಗಳಿಗೆ ಮೀರದ ಸಾಲು. ಮುಂದೆ ಬಂದೂಕು ಹಿಡಿದ ವನ್ಯಜೀವಿ ಇಲಾಖೆಯ ಕಾವಲುಗಾರ, ಅವರ ಹಿಂದೆ ಪರೀಕ್ಷೆ ಪಾಸಾದ ಮಾರ್ಗದರ್ಶಿ, ಕೊನೆಯಲ್ಲಿ ಚಹಾದ ಕೆಟಲು ಹೊತ್ತವರು. ಮಾರ್ಗದರ್ಶಿಯ ಕೈಯಲ್ಲಿ ಬೂದಿ ತುಂಬಿದ ಸಣ್ಣ ಬಟ್ಟೆಯ ಚೀಲ. ಆಗಾಗ ಅದನ್ನು ಕುಟ್ಟಿ, ಬೂದಿ ಯಾವ ಕಡೆ ಹಾರಿತು ಎಂದು ನೋಡಿ, ಗಾಳಿ ನಮ್ಮಿಂದ ಕಾಡು ಎಮ್ಮೆಗಳ ಕಡೆಗೆ ಬೀಸುತ್ತಿದ್ದರೆ ದಾರಿ ಬದಲಿಸುತ್ತಾರೆ. ವಾಹನದಲ್ಲಿ ಕಾಣದ್ದು ನಡೆದಾಗ ಕಾಣುತ್ತದೆ: ಮಳೆಗಾಲದ ಕೆಸರಿನಲ್ಲಿ ಆನೆ ಊರಿದ ಹೆಜ್ಜೆ ಒಣಗಿ ಸಿಮೆಂಟಿನಷ್ಟು ಗಟ್ಟಿಯಾಗಿ ಉಳಿದಿರುತ್ತದೆ, ಅಂಥ ಗುಂಡಿಗಳ ಬಯಲಿನಲ್ಲಿ ಕಾಲು ಉಳುಕದಂತೆ ನಡೆಯುವುದೇ ಒಂದು ವಿದ್ಯೆ. ನಡೆಯುವಾಗ ನೀಲಿ ಮತ್ತು ಕಪ್ಪು ಬಟ್ಟೆ ಬೇಡ ಎಂದು ಮೊದಲೇ ಹೇಳಿರುತ್ತಾರೆ, ಏಕೆಂದರೆ ಆ ಬಣ್ಣಗಳು ತ್ಸೆತ್ಸೆ ನೊಣವನ್ನು ಸೆಳೆಯುತ್ತವೆ. ಕಚ್ಚಿದರೆ ಸೂಜಿ ಚುಚ್ಚಿದ ಹಾಗೆ. ಆದರೆ ಈ ನೊಣಕ್ಕೆ ಕಣಿವೆಯ ಕಾಡು ಋಣಿಯಾಗಿರಬೇಕು: ಅದು ಹರಡುವ ರೋಗ ದನಕರುಗಳನ್ನು ಕೊಲ್ಲುವುದರಿಂದ ಇಲ್ಲಿ ದೊಡ್ಡ ಪ್ರಮಾಣದ ಪಶುಪಾಲನೆ ಬೇರೂರಲಿಲ್ಲ, ಹುಲ್ಲುಗಾವಲು ಕಾಡುಪ್ರಾಣಿಗಳಿಗೇ ಉಳಿಯಿತು.

ಉಳಿದದ್ದು ಪೂರ್ತಿ ಉಳಿಯಲಿಲ್ಲ. 1970 ಮತ್ತು 80ರ ದಶಕಗಳ ಕಳ್ಳಬೇಟೆ ಕಣಿವೆಯ ಆನೆಗಳನ್ನು ದಂತಕ್ಕಾಗಿ ಕತ್ತರಿಸಿ ಹಾಕಿತು. ಸಾವಿರಾರು ಇದ್ದ ಕಪ್ಪು ಖಡ್ಗಮೃಗಗಳು ಒಂದೂ ಉಳಿಯದೆ, 1998ರಲ್ಲಿ ಜಾಂಬಿಯಾದಲ್ಲಿ ಅವು ಅಳಿದವೆಂದು ಘೋಷಿಸಲಾಯಿತು. 2003ರಿಂದ ಉತ್ತರ ಲುವಾಂಗ್ವಾಕ್ಕೆ ಹೊರಗಿನಿಂದ ತಂದು ಬಿಟ್ಟವುಗಳ ಸಂತತಿ ಈಗ ಅಲ್ಲಿದೆ. ದಕ್ಷಿಣದ ಲಾಡ್ಜುಗಳ ಅತಿಥಿಗೆ ಅವು ಕಾಣಸಿಗುವುದಿಲ್ಲ. ಈಗಿನ ಪೀಡೆ ಹೆಚ್ಚಾಗಿ ಮಾಂಸಕ್ಕಾಗಿ ಇಡುವ ತಂತಿಯ ಉರುಳು. ಬಡತನವಿರುವಲ್ಲಿ ಒಂದು ತುಂಡು ತಂತಿ ಸುಲಭದ ಆಯುಧ. ಗಸ್ತಿನವರು ಕಿತ್ತು ತಂದ ಉರುಳಿನ ತಂತಿಯಿಂದ ಒಡವೆ ಮಾಡಿ ಪ್ರವಾಸಿಗಳಿಗೆ ಮಾರುವ ಕೆಲಸದಲ್ಲಿ ಮ್ಫುವೆಯ ಹೆಣ್ಣುಮಕ್ಕಳಿದ್ದಾರೆ.

ಉದ್ಯಾನದ ಪೂರ್ವ ಗಡಿ ಬಹುಪಾಲು ನದಿಯೇ. ಆಚೆ ದಂಡೆಯಲ್ಲಿ ಊರುಗಳಿವೆ, ಹೊಲಗಳಿವೆ, ಮತ್ತು ಅವುಗಳ ನಡುವೆ ಆನೆಗಳು ಓಡಾಡುತ್ತವೆ, ಏಕೆಂದರೆ ಆ ಪ್ರದೇಶ ಜನರೂ ವನ್ಯಪ್ರಾಣಿಗಳೂ ಒಟ್ಟಿಗಿರುವ ಒಂದು ಬಗೆಯ ಮೀಸಲು ನೆಲ. ಹೆಗ್ಗಡದೇವನಕೋಟೆ, ಸಕಲೇಶಪುರದ ಕಡೆಯವರು ಇಲ್ಲಿದ್ದರೆ ಮುಂದಿನದನ್ನು ನಾನು ಹೇಳಬೇಕಿಲ್ಲ. ಮೆಕ್ಕೆಜೋಳ ಕಾಳುಕಟ್ಟುವ ಹೊತ್ತಿಗೆ ನದಿ ದಾಟಿ ಬರುವ ಆನೆ ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಮುಗಿಸುತ್ತದೆ. ಅಲ್ಲಿನವರು ಆನೆಲದ್ದಿಯಲ್ಲಿ ಮೆಣಸಿನಕಾಯಿ ಕಲಸಿ ಇಟ್ಟಿಗೆ ಮಾಡಿ ಹೊಲದ ಅಂಚಿನಲ್ಲಿ ಹೊಗೆ ಹಾಕುತ್ತಾರೆ, ಟೇಬಲ್ ಟೆನಿಸ್ ಚೆಂಡಿಗೆ ಮೆಣಸು ತುಂಬಿ ಆನೆಯ ಮೇಲೆ ಹೊಡೆಯುತ್ತಾರೆ. ಒಂದೇ ಆನೆ ಸಂಜೆ ಐದಕ್ಕೆ ಪ್ರವಾಸಿಯ ಕ್ಯಾಮೆರಾದಲ್ಲೂ ರಾತ್ರಿ ಹನ್ನೊಂದಕ್ಕೆ ರೈತನ ಹೊಲದಲ್ಲೂ ಇರಬಹುದು. ಮೊದಲನೆಯದರಿಂದ ಬಂದ ಹಣದಲ್ಲಿ ಎರಡನೆಯವನಿಗೆ ಎಷ್ಟು ತಲುಪಿತು ಎಂಬುದೇ ಲಾಡ್ಜಿನ ಒಳ್ಳೆಯತನಕ್ಕೆ ನಾನು ಇಡುವ ಅಳತೆ. ಬುಕ್ ಮಾಡುವ ಮೊದಲು ಇದನ್ನು ಕೇಳಿ: ಮಾರ್ಗದರ್ಶಿಗಳು ಯಾವ ಊರಿನವರು, ಶಾಲೆಗೆ ಏನು ಕೊಡುತ್ತೀರಿ, ತರಕಾರಿ ಯಾರಿಂದ ಕೊಳ್ಳುತ್ತೀರಿ. ನೇರ ಉತ್ತರ ಕೊಡುವ ಲಾಡ್ಜುಗಳಿವೆ.

ಕಬಿನಿಯ ನೆನಪು ನಿಮಗೆ ಬಂದಿರಬಹುದು. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ನಮ್ಮ ಸರ್ಕಾರದ್ದೇ ಸಂಸ್ಥೆ. ಕಾರಾಪುರದ ಅದರ ವಸತಿಯೂ ನದೀತೀರದ್ದೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಬಿನಿಯಲ್ಲಿ ನಾವು ನೋಡುವುದು 1974ರ ಅಣೆಕಟ್ಟಿನ ಹಿನ್ನೀರು; ಬೇಸಗೆಯಲ್ಲಿ ಅದು ತಗ್ಗಿದಾಗ ಮೂಡುವ ಹುಲ್ಲಿಗೆ ಆನೆಗಳು ಸೇರುತ್ತವೆ. ಅಂದರೆ ಅಲ್ಲಿನ ಸೊಬಗಿಗೆ ಅಣೆಕಟ್ಟೂ ಕಾರಣ. ಲುವಾಂಗ್ವಾದ ಸೊಬಗಿಗೆ ಅಣೆಕಟ್ಟು ಇಲ್ಲದಿರುವುದು ಕಾರಣ. ಜಾಂಬಿಯಾದವರಿಗೆ ಅಣೆಕಟ್ಟಿನ ಅನುಭವ ಇಲ್ಲವೆಂದಲ್ಲ: 1950ರ ದಶಕದ ಕೊನೆಯಲ್ಲಿ ಜಾಂಬೆಜಿಗೆ ಕರೀಬಾ ಕಟ್ಟಿದಾಗ ಸುಮಾರು 57,000 ತೊಂಗಾ ಜನರು ನೆಲ ಕಳೆದುಕೊಂಡರು, ದೇಶಕ್ಕೆ ವಿದ್ಯುತ್ತೂ ಸಿಕ್ಕಿತು. ಲುವಾಂಗ್ವಾದ ನ್ಡೆವು ಕಮರಿಯಲ್ಲೂ ಜಲವಿದ್ಯುತ್ ಅಣೆಕಟ್ಟಿನ ಪ್ರಸ್ತಾಪ ಬಂದು, ವಿರೋಧದ ನಂತರ 2019ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಕರೆಂಟಿಲ್ಲದ ಮನೆಗಳು ಇನ್ನೂ ಎಷ್ಟೋ ಇರುವ ದೇಶ ಅದು. ಆ ತೀರ್ಮಾನವನ್ನು ಕೇವಲ ಪ್ರವಾಸಿಯ ಖುಷಿಯಿಂದ ಸಮರ್ಥಿಸುವುದು ಸುಲಭ, ಸಾಲದು.

ಮಾತು ಮುಗಿದ ಮೇಲೆ ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಖರ್ಚಿನವು. ಹೆಸರಾದ ಲಾಡ್ಜುಗಳಲ್ಲಿ ಬೇಸಗೆಯ ದರ ಒಂದು ರಾತ್ರಿಗೆ ತಲಾ ಏಳೆಂಟುನೂರು ಡಾಲರಿನಿಂದ ಸಾವಿರದ ಮೇಲಕ್ಕೂ ಹೋಗುತ್ತದೆ; ಊಟ, ಸಫಾರಿ, ಮಾರ್ಗದರ್ಶಿಯ ಖರ್ಚು ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ, ರಾಜಧಾನಿ ಲುಸಾಕಾದಿಂದ ಮ್ಫುವೆಗೆ ವಿಮಾನದ ಖರ್ಚು ಬೇರೆ. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ತೊಂದರೆಯಿಲ್ಲ. ಹತ್ತಿರದ ಪಟ್ಟಣ ಚಿಪಾಟದಲ್ಲಿ ಗುಜರಾತಿ ಮೂಲದ ವರ್ತಕರು ತಲೆಮಾರುಗಳಿಂದ ಇರುವುದರಿಂದ ಬೇಳೆ, ಮಸಾಲೆ ಸಿಗುತ್ತವೆ. ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಲೇಬೇಕು. ಪ್ರಾಣಿಗಳ ಜಂಗುಳಿ ನೋಡಲು ಸೆಪ್ಟೆಂಬರ್, ಅಕ್ಟೋಬರ್. ಬಿಸಿಲು ತಡೆಯದವರು ಜೂನ್, ಜುಲೈ. ಹಸಿರು ಕಣಿವೆ, ದೋಣಿಯ ಓಡಾಟ ಬೇಕೆನ್ನುವವರು ಫೆಬ್ರುವರಿ, ಮಾರ್ಚ್, ಆಗ ದರವೂ ಇಳಿದಿರುತ್ತದೆ. ಇಷ್ಟು ಹಣವಿಲ್ಲದವರು ಏನು ಮಾಡಬೇಕು ಎಂದು ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬರು ಕೇಳಿದರು. ಉದ್ಯಾನದ ಹೊರಗೆ, ಅದೇ ನದಿಯ ಪೂರ್ವ ದಂಡೆಯಲ್ಲಿ, ಸ್ವಂತ ಟೆಂಟು ಹಾಕಿಕೊಳ್ಳಲು ಅವಕಾಶವಿರುವ ಶಿಬಿರತಾಣಗಳಿವೆ, ಲಾಡ್ಜಿನ ಬಾಡಿಗೆಯ ಸಣ್ಣದೊಂದು ಪಾಲಿನಲ್ಲಿ ಅಲ್ಲಿ ತಂಗಬಹುದು, ಒಂದೊಂದು ಸಫಾರಿಗೆ ಬೇರೆಯಾಗಿ ಹಣ ಕಟ್ಟಿ ಹೋಗಬಹುದು. ಟೆಂಟಿನಲ್ಲಿ ಹಣ್ಣು ಇಟ್ಟುಕೊಳ್ಳಬೇಡಿ, ಆನೆ ಬರುತ್ತದೆ.